ನೀಲಕಂಠಪ್ಪನ ಗಂಟು

"ವಕೀಲ್ ಸಾಬ್, ಜಲ್ದಿ ನೋಡಿ ಕೊಡಿ. ಸಾಹೇಬ್ರು ಛೇಂಬರಿನಿಂದ ಬರೋ ಟೈಮ್ ಆಯ್ತು."

ಕೋರ್ಟಿನ ಗುಮಾಸ್ತ ಎರಡನೆಯ ಸಲ ಹೇಳಿದರೂ ತಿರುಮಲೇಶ ತಲೆ ಎತ್ತಲಿಲ್ಲ. ಅವನ ಅಂಗೈಯಲ್ಲಿ ಹೆಬ್ಬೆರಳುದ್ದದ ಗಾಜಿನ ಬಾಟ್ಲಿಯಿತ್ತು. ತಳದಲ್ಲಿ ಒಣಗಿ ಕಪ್ಪಾದ ರಕ್ತ. ಹೊರಗಿನ ಚೀಟಿಯಲ್ಲಿ ನೇರಳೆ ಶಾಯಿಯ ಬರಹ: ಅಣ್ಣು, ವಯಸ್ಸು ಮೂವತ್ತನಾಲ್ಕು, ಟೆಂಪೋ ಚಾಲಕ, ಬೆಳಿಗ್ಗೆ 6.40.

ನಾಲ್ಕು ತಿಂಗಳ ಹಿಂದೆ ಸಾಂತಾಕ್ರೂಜ್‌ನಲ್ಲಿ, ಹಾಲಿನ ಬೂತಿನ ಇಂದ್ರಾಬಾಯಿಗೆ ಕುಡಿದ ಮತ್ತಿನಲ್ಲಿ ಗಾಡಿ ಗುದ್ದಿ ಕೊಂದನೆಂದು ಸರ್ಕಾರ ಕಟಕಟೆಗೆ ಹತ್ತಿಸಿದ್ದು ಈ ಅಣ್ಣುವನ್ನೇ. ಅವನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ ಎಂದು ಹೆಂಡತಿ ಸೇವಂತಿ ಆಣೆ ಹಾಕುತ್ತಿದ್ದಳು. ಆಣೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಬಾಟ್ಲಿಗೆ ಇದೆ. ಸರ್ಕಾರಿ ಲ್ಯಾಬಿನ ವರದಿಯಲ್ಲಿ ಕಂಡದ್ದು ಶೇಕಡಾ ಸೊನ್ನೆ ಪಾಯಿಂಟ್ ಎರಡು ಒಂದು. ಕಾನೂನು ಎಳೆದ ಗೆರೆಯ ನಾಲ್ಕು ಪಟ್ಟು.

ಬಾಟ್ಲಿಯ ಜೊತೆಗೆ ಒಂದು ಸಣ್ಣ ಲಕೋಟೆ ಇತ್ತು. ರಕ್ತ ತೆಗೆದ ಮೇಲೆ ಆಸ್ಪತ್ರೆಯವರು ಬಾಟ್ಲಿಯ ಕುತ್ತಿಗೆಗೆ ದಾರ ಕಟ್ಟಿ, ಅರಗು ಕರಗಿಸಿ ಮುದ್ರೆ ಒತ್ತುತ್ತಾರೆ. ಲ್ಯಾಬಿನವರು ತೆರೆಯುವಾಗ ದಾರವನ್ನು ಪಕ್ಕದಲ್ಲಿ ಕತ್ತರಿಸಿ, ಗಂಟು ಮುದ್ರೆ ಎರಡನ್ನೂ ಕೆಡಿಸದೆ ಲಕೋಟೆಗೆ ಹಾಕುತ್ತಾರೆ. ಅದು ರಿವಾಜು. ಆ ಲಕೋಟೆಯನ್ನು ಬಿಚ್ಚಿ ನೋಡುವ ವಕೀಲರು ಮುಂಬಯಿಯಲ್ಲಿ ಯಾರೂ ಇರಲಿಲ್ಲ, ಒಬ್ಬನನ್ನು ಬಿಟ್ಟು.

ತಿರುಮಲೇಶ ದಾರದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ.

ಅರಗಿನ ಅಂಚಿನಿಂದ ಗಂಟು ಅರ್ಧ ಇಣುಕುತ್ತಿತ್ತು. ಎರಡು ಸುತ್ತು, ನಡುವೆ ಒಂದು ತಿರುವು, ಆಮೇಲೆ ದಾರದ ಬಾಲ ಹಿಂದಕ್ಕೆ ಹೋಗಿ ಎರಡು ಸಲ ಒಳಹೊಕ್ಕು ಕಾಣದಂತಾಗಿತ್ತು. ಆಸ್ಪತ್ರೆಯ ಕಾಂಪೌಂಡರುಗಳು ಕಟ್ಟುವುದು ಬೂಟಿನ ಲೇಸು ಕಟ್ಟಿದಂಥ ಗಂಟು. ಇದು ಅದಲ್ಲ.

ಈ ಗಂಟು ಹಾಕಲು ಬಲ್ಲವರು ಅವನಿಗೆ ಗೊತ್ತಿದ್ದಂತೆ ಇಬ್ಬರೇ. ಒಬ್ಬರು ನೀಲಕಂಠಪ್ಪನವರು, ಹತ್ತು ವರ್ಷದ ಹಿಂದೆ ಲ್ಯಾಬಿನಲ್ಲಿ ಅವನಿಗೆ ಕೆಲಸ ಕಲಿಸಿದ ಗುರು. ಇನ್ನೊಬ್ಬ ಸ್ವತಃ ತಾನು.

"ಸಾಬ್!"

"ತಗೋ," ಎಂದು ಎಲ್ಲವನ್ನೂ ಗುಮಾಸ್ತನ ಮೇಜಿನ ಮೇಲಿಟ್ಟ.

ಲ್ಯಾಬಿನ ಸಾಕ್ಷಿಯನ್ನು ಮರುದಿನ ಹನ್ನೊಂದಕ್ಕೆ ಕರೆಯುವುದೆಂದು ಮ್ಯಾಜಿಸ್ಟ್ರೇಟರು ಹೇಳಿ ಕೇಸನ್ನು ಮುಂದಕ್ಕೆ ಹಾಕಿದರು. ವರಾಂಡದಲ್ಲಿ ಮೂವರು ಕಾಯುತ್ತಿದ್ದರು. ಅಣ್ಣು, ಸೇವಂತಿ, ಅಣ್ಣು ಟೆಂಪೋ ಓಡಿಸುತ್ತಿದ್ದ ಹೋಟೆಲಿನ ಧಣಿ ರಮಾನಾಥ. ಸಾಂತಾಕ್ರೂಜ್ ಸ್ಟೇಷನ್ ಹೊರಗೆ ಇಡ್ಲಿ ವಡೆಗೆ ಜನ ಸಾಲು ನಿಲ್ಲುವಂಥ ಹೋಟೆಲು ಅವರದು.

"ಎಂತ ಸರ್, ಏನಾದ್ರೂ ಸಿಕ್ಕಿತಾ?" ಅಣ್ಣು ಕೇಳಿದ.

"ಆ ಬೆಳಿಗ್ಗೆ ಏನು ನಡೀತು, ಇನ್ನೊಂದ್ಸಲ ಹೇಳು."

"ಎಷ್ಟು ಸಲ ಹೇಳ್ಬೇಕು ಸರ್? ನಾನು ದಾದರಿನಿಂದ ತರಕಾರಿ ಹಾಕ್ಕೊಂಡು ಬರ್ತಿದ್ದೆ. ಮುಂದೆ ಒಂದು ಬಿಳಿ ಫಿಯೆಟ್ ಇತ್ತು. ಅದು ಒಮ್ಮೆಲೇ ಬೂತಿನ ಕಡೆಗೆ ಹೋಯಿತು. ಆ ಬಾಯಿ ಬಿದ್ದದ್ದನ್ನು ಕಣ್ಣಾರೆ ನೋಡಿದೆ. ಬ್ರೇಕ್ ಒತ್ತಿದೆ, ಟೆಂಪೋ ಕಂಬಕ್ಕೆ ಹೋಗಿ ಬಡಿಯಿತು. ಮತ್ತೆ ಎಚ್ಚರ ಆದದ್ದು ಆಸ್ಪತ್ರೆಯಲ್ಲಿ."

ಪೊಲೀಸರ ಕಾಗದದಲ್ಲಿ ಎಲ್ಲೂ ಇಲ್ಲದ ಆ ಫಿಯೆಟ್ಟಿನ ಮಾತು ಬಂದಾಗ ರಮಾನಾಥ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಜನವರಿಯ ತಣ್ಣನೆ ಗಾಳಿ ವರಾಂಡದುದ್ದಕ್ಕೂ ಬೀಸುತ್ತಿತ್ತು.

"ವಕೀಲ್ರೇ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದರು. "ಒಪ್ಪಿಕೊಂಡು ಬಿಡುವ. ಎಳೆದಷ್ಟೂ ಎಲ್ಲರಿಗೂ ಕಷ್ಟ. ಇವನ ಸಂಸಾರ ನಾನು ನೋಡಿಕೊಳ್ತೇನೆ, ದೇವರಾಣೆ."

"ಮಾಡದ್ದನ್ನು ಒಪ್ಪಿಕೊಳ್ಳುದಾ ಧಣಿ?" ಸೇವಂತಿಯ ದನಿ ಏರಿತು. "ನನ್ನ ಮಗಳು ಶಾಲೆಯಲ್ಲಿ ಎಂತ ಹೇಳ್ಬೇಕು? ನನ್ನಪ್ಪ ಕುಡಿದು ಒಬ್ಬರನ್ನು ಕೊಂದ ಅಂತಲಾ?"

ರಮಾನಾಥ ಮೆಟ್ಟಿಲ ಕಡೆ ಮುಖ ತಿರುಗಿಸಿದರು. ತಿರುಮಲೇಶ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

"ಯಾರೂ ಏನೂ ಒಪ್ಪಿಕೊಳ್ಳೋದು ಬೇಡ," ಎಂದ. "ನಾಳೆ ಹತ್ತೂವರೆಗೆ ಬನ್ನಿ."

ಸ್ಟೇಷನ್ನಿನಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಸಿಕ್ಕಿತು. ಮಧ್ಯಾಹ್ನದ ಹೊತ್ತು, ಕೂರಲು ಜಾಗವಿತ್ತು. ಕಿಟಕಿಗೆ ತಲೆಯಾನಿಸಿದ ತಿರುಮಲೇಶನಿಗೆ ತಾನು ಹೊರಟಿರುವುದು ಗ್ರಾಂಟ್ ರೋಡಿಗೆ, ನೀಲಕಂಠಪ್ಪನವರ ಮನೆಗೆ ಎಂಬುದೇ ವಿಚಿತ್ರವೆನಿಸಿತು. ಗೋರೆಗಾಂವ್‌ನಲ್ಲಿ ಮನೆ ಮಾಡಿದ ಮೇಲೆ ಆ ಸ್ಟೇಷನ್ನಿನಲ್ಲಿ ಅವನು ಇಳಿದೇ ಇರಲಿಲ್ಲ.

ಮೊದಲು ಇಳಿದದ್ದು 1980ರ ಜೂನಿನಲ್ಲಿ. ಜೇಬಿನಲ್ಲಿ ನೌಕರಿಯ ಆರ್ಡರು, ಟ್ರಂಕಿನಲ್ಲಿ ಮೈಸೂರಿನ ಬಿ.ಎಸ್ಸಿ. ಸರ್ಟಿಫಿಕೇಟು, ಅಮ್ಮ ನಂಜನಗೂಡಿನಿಂದ ಕಟ್ಟಿಕೊಟ್ಟ ಹುಳಿಪುಡಿ. ಲಾಡ್ಜಿನ ಒಂದು ಕೋಣೆಯಲ್ಲಿ ನಾಲ್ಕು ಮಂಚ. ಅವನ ಮಂಚದ ಪಕ್ಕದ ಕಿಟಕಿ ಕೆಳಗಿನ ಉಡುಪಿ ಹೋಟೆಲಿನ ಅಡುಗೆಮನೆಗೆ ತೆರೆಯುತ್ತಿತ್ತು. ಬೆಳಿಗ್ಗೆ ಐದಕ್ಕೆ ಸಾಂಬಾರಿನ ಒಗ್ಗರಣೆ, ಐದೂವರೆಗೆ ಕಾಫಿ ಪುಡಿಯ ವಾಸನೆ. ಆ ಕೋಣೆಯಲ್ಲಿ ಯಾರಿಗೂ ಅಲಾರಂ ಗಡಿಯಾರ ಬೇಕಾಗಿರಲಿಲ್ಲ.

ಸರ್ಕಾರಿ ಲ್ಯಾಬಿನಲ್ಲಿ ಅವನಿಗೆ ಕೊಟ್ಟಿದ್ದು ರಕ್ತದ ಬೆಂಚು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಬಾಟ್ಲಿಗಳು ದಿನಕ್ಕೆ ಇಪ್ಪತ್ತೋ ಮೂವತ್ತೋ ಬರುತ್ತಿದ್ದವು. ರಕ್ತವನ್ನು ಕಾಯಿಸಿ, ಆವಿಯನ್ನು ತಣಿಸಿ, ಹಳದಿ ದ್ರಾವಣಕ್ಕೆ ಬೆರೆಸಬೇಕು. ಹಳದಿ ಹಳದಿಯಾಗೇ ಉಳಿದರೆ ಆ ಮನುಷ್ಯ ಬಚಾವು. ಹಸಿರಿಗೆ ತಿರುಗಿದರೆ ಅವನ ಲೈಸೆನ್ಸು, ನೌಕರಿ, ಮನೆಯ ಮರ್ಯಾದೆ ಎಲ್ಲ ಹೋದಂತೆ.

ನೀಲಕಂಠಪ್ಪ ಆ ಬೆಂಚಿನ ಹಿರಿಯರು. ಗದಗ ಬೆಟಗೇರಿಯ ನೇಕಾರರ ಮನೆತನ. ಎತ್ತರದ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು, ಬಾಟ್ಲಿಗೆ ದಾರ ಸುತ್ತುತ್ತಾ ಹೇಳುತ್ತಿದ್ದರು: "ಇದು ನಮ್ಮಪ್ಪ ಮಗ್ಗದ ಮುಂದ ಕುಂತು ಹಾಕತಿದ್ದ ಗಂಟು, ನಾ ಸ್ವಲ್ಪ ತಿದ್ದೀನಿ. ಎಳದಷ್ಟೂ ಬಿಗೀತದ. ಯಾವನಾರ ಬಿಚ್ಚಿದ್ರ ಮತ್ತ ಹಂಗ ಕಟ್ಟಲಿಕ್ಕಾಗೂದಿಲ್ಲ. ಕಲ್ಕೋ ತಮ್ಮಾ." ಒಂದು ವಾರ ಬೆರಳು ಕೆಂಪಾಗುವವರೆಗೆ ಕಲಿತಿದ್ದ. ಸಂಜೆ ಲ್ಯಾಬು ಮುಚ್ಚಿದ ಮೇಲೆ ಇಬ್ಬರೂ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು, ತಿರುಮಲೇಶ ಅಲ್ಲಿಂದಲೇ ಸಂಜೆಯ ಲಾ ಕಾಲೇಜಿಗೆ ಓಡುತ್ತಿದ್ದ. ಆ ದಿನಗಳಲ್ಲಿ ದಣಿವೆಂಬುದು ಗೊತ್ತೇ ಇರಲಿಲ್ಲ. ಇಡೀ ಶಹರ ತನಗಾಗಿಯೇ ಬೆಳಗಾಗುತ್ತದೆ ಎಂಬ ಭಾವ.

1982ರಲ್ಲಿ ಅಣವೀರಪ್ಪನ ಬಾಟ್ಲಿ ಬಂತು.

ಅಣವೀರಪ್ಪ ವಿಜಾಪುರದ ಕಡೆಯ ಟ್ಯಾಕ್ಸಿ ಡ್ರೈವರು. ತಿರುಮಲೇಶ ಪರೀಕ್ಷೆ ಮಾಡಿದ, ದ್ರಾವಣ ತುಸುವೇ ಹಸಿರಾಯಿತು. ಗೆರೆ ಇದ್ದದ್ದು ಸೊನ್ನೆ ಪಾಯಿಂಟ್ ಸೊನ್ನೆ ಐದಕ್ಕೆ, ಬಂದದ್ದು ಸೊನ್ನೆ ಏಳು. ಸಹಿ ಹಾಕಿದ. ಆರು ತಿಂಗಳು ಜೈಲು. ಬಿಡುಗಡೆಯಾದ ಅಣವೀರಪ್ಪ ಲ್ಯಾಬಿನ ಗೇಟಿಗೆ ಬಂದು ನಿಂತ. ಒಂದು ದಿನವಲ್ಲ, ದಿನವೂ. ಬೈಯಲಿಲ್ಲ, ಕೂಗಲಿಲ್ಲ. "ಸಾಹೇಬ್ರ, ಕುಡೀಲಾರದ ನನ್ನ ರಕ್ತದಾಗ ಸೆರಿ ಎಲ್ಲಿಂದ ಬಂತು?" ಎಂದು ಕೇಳುತ್ತಿದ್ದ, ಅಷ್ಟೇ.

ಹನ್ನೊಂದನೆಯ ದಿನ ತಿರುಮಲೇಶ ತಾನೇ ಆ ಆಸ್ಪತ್ರೆಗೆ ಹೋಗಿ ನೋಡಿದ. ಸೂಜಿ ಚುಚ್ಚುವ ಮುಂಚೆ ತೋಳನ್ನು ಬರೀ ನೀರಿನಿಂದ ಒರೆಸಬೇಕೆಂದು ನಿಯಮ. ಕಾಂಪೌಂಡರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತಿದ್ದ. ಸೂಜಿಯನ್ನೂ ಅದರಲ್ಲೇ ಅದ್ದುತ್ತಿದ್ದ. ಮೇಲಿನವರಿಗೆ ಬರೆದ, ಉತ್ತರ ಬರಲಿಲ್ಲ. ನೀಲಕಂಠಪ್ಪನವರ ಹತ್ತಿರ ಹೇಳಿದ. "ಕಾಗದದಾಗ ಬಂದದ್ದು ಬದಲಾಗೂದಿಲ್ಲ ತಮ್ಮಾ, ಸುಮ್ಮನಿರು," ಎಂದರು. ಅಂದು ಅವರಿಬ್ಬರ ನಡುವೆ ಮಾತು ಮುರಿಯಿತು.

ಕೈ ಹಿಡಿದವರು ಲಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವಕೀಲ ಸತ್ಯಮೂರ್ತಿಗಳು. ಬೆಂಗಳೂರಿನ ಚಾಮರಾಜಪೇಟೆಯವರು. "ತಪ್ಪು ಗೊತ್ತಾದವನಿಗೆ ತಪ್ಪು ಮಾಡಿದವನಿಗಿಂತ ಜವಾಬ್ದಾರಿ ಜಾಸ್ತಿ ಕಣಯ್ಯ. ಕೆಲಸ ಬಿಟ್ಟು ಬಾ, ಅಪೀಲು ಹಾಕೋಣ," ಎಂದರು. ಅವರದೇ ಹಳೆಯ ಕರಿಕೋಟಿನ ತೋಳನ್ನು ಅವರ ಹೆಂಡತಿ ಕೌಸಲ್ಯಮ್ಮ ಮೊಟಕು ಮಾಡಿ ಹೊಲಿದುಕೊಟ್ಟರು. ಆ ಕೋಟು ತೊಟ್ಟು ತಿರುಮಲೇಶ ಮೊದಲ ಸಲ ಎದ್ದು ನಿಂತದ್ದು ಅಣವೀರಪ್ಪನ ಪರವಾಗಿ, ತನ್ನದೇ ಸಹಿಯ ವಿರುದ್ಧ. 1985ರಲ್ಲಿ ಗೆದ್ದರು. ತೀರ್ಪು ಬರುವ ಮೂರು ವಾರದ ಮುಂಚೆ ಅಣವೀರಪ್ಪ ಸತ್ತಿದ್ದ.

ಆಮೇಲೆ ಕುಡಿದು ಓಡಿಸಿದರೆಂಬ ಕೇಸುಗಳು ಹುಡುಕಿಕೊಂಡು ಬಂದವು. ಕೋರ್ಟಿನ ವರಾಂಡಗಳಲ್ಲಿ ಅವನಿಗೆ 'ಬಾಟ್ಲಿ ವಕೀಲ' ಎಂದು ಹೆಸರು ಬಿತ್ತು. ನಕ್ಕು ಸುಮ್ಮನಾಗುತ್ತಿದ್ದ. ಎಷ್ಟೋ ಮಂದಿ ನಿಜವಾಗಿ ಕುಡಿದವರೇ ಬರುತ್ತಿದ್ದರು. ಆದರೂ ಪ್ರತಿ ಬಾಟ್ಲಿಯನ್ನು ಕೈಗೆತ್ತಿಕೊಂಡಾಗಲೂ ಗೇಟಿನ ಹತ್ತಿರ ಕೇಳಿದ ಆ ಪ್ರಶ್ನೆಯೇ ಮೊದಲು ನೆನಪಾಗುತ್ತಿತ್ತು.

ನೀಲಕಂಠಪ್ಪ ಇದ್ದದ್ದು ಇನ್ನೂ ಗ್ರಾಂಟ್ ರೋಡಿನ ಹಳೆಯ ಚಾಳಿನ ಎರಡನೆಯ ಮಹಡಿಯಲ್ಲೇ. ಬಾಗಿಲು ತೆರೆದ ಗುರುಬಾಯಿ ಅವನನ್ನು ದಿಟ್ಟಿಸಿ, "ಅಯ್ಯ, ನಮ್ಮ ತಿರುಮಲೇಶಪ್ಪ!" ಎಂದು ಎರಡೂ ಕೈ ಹಿಡಿದುಕೊಂಡರು. "ಎಷ್ಟ್ ವರ್ಷ ಆತಪ್ಪಾ! ಒಳಗ ಬಾ. ರೊಟ್ಟಿ ತಿಂದ ಹೋಗ್ಬೇಕ್ ನೋಡು."

ಒಳಗೆ ಮಂಚದ ಮೇಲೆ ನೀಲಕಂಠಪ್ಪ ಗೋಡೆಗೊರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು.

ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಮಾತನ್ನು ತಿರುಮಲೇಶ ನಿಂತಲ್ಲೇ ಆಡಿದ. "ಸಾರ್, ಇವತ್ತು ಕೋರ್ಟಿನಲ್ಲಿ ನಿಮ್ಮ ಗಂಟು ನೋಡಿದೆ. ಸಾಂತಾಕ್ರೂಜಿನ ಅಪಘಾತದ ಬಾಟ್ಲಿ ಮೇಲೆ. ಆಸ್ಪತ್ರೆ ಮುದ್ರೆಯ ಕೆಳಗೆ ನಿಮ್ಮ ಗಂಟು ಹೇಗೆ ಬಂತು?"

ಮುದುಕರು ಹೆಂಡತಿ ತಂದಿಟ್ಟ ಚಹಾದ ಲೋಟಕ್ಕೆ ಕೈ ಚಾಚಿದರು. ಕೈ ಗಡಗಡ ನಡುಗಿತು. ಎರಡನೆಯ ಕೈಯನ್ನೂ ಸೇರಿಸಿದರು, ಅದೂ ನಡುಗಿತು. ಚಹಾ ಪಂಚೆಯ ಮೇಲೆ ಚೆಲ್ಲಿತು. ಗುರುಬಾಯಿ ಬಂದು ಲೋಟವನ್ನು ತಾವೇ ಹಿಡಿದು ಕುಡಿಸಿದರು.

"ಮೂರು ವರ್ಷಾತು," ಎಂದರು ಆಕೆ ಮೆಲ್ಲಗೆ. "ಅಂಗಿ ಗುಂಡಿ ಹಾಕ್ಕೊಳ್ಳಾಕ ಆಗೂದಿಲ್ಲ ಇವರಿಗೆ."

ತಿರುಮಲೇಶ ನೆಲದ ಮೇಲೆ ಕೂತ. ಈ ಕೈ ದಾರ ಹಿಡಿಯಲಾರದು. ತಪ್ಪು ಮನುಷ್ಯನ ಮೇಲೆ ಅನುಮಾನ ಹೊತ್ತು ಬಂದಿದ್ದ.

"ಹಂಗಾರ ನೀ ಬರ್ತೀ ಅಂದದ್ದು ಖರೇ ಆತು," ಎಂದರು ನೀಲಕಂಠಪ್ಪ.

"ಯಾರು ಅಂದದ್ದು?"

"ನೀಲಾವತಿ. ಅಣವೀರಪ್ಪನ ಮಗಳು."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಬ್ರೇಕ್ ಹಾಕಿದ ಸದ್ದು ಕೇಳಿಸಿತು.

"ನೀನು ಲ್ಯಾಬು ಬಿಟ್ಟು ಹೋದಿ," ಮುದುಕರು ಹೇಳತೊಡಗಿದರು. "ನಿನಗ ಹೋಗಾಕ ಒಂದು ದಾರಿ ಇತ್ತು. ನಾ ಎಲ್ಲಿ ಹೋಗ್ಲಿ? ಸುಮ್ಮನಿರು ಅಂತ ಹೇಳಿದಾಂವ ನಾನು. ಅಣವೀರಪ್ಪ ಸತ್ತ ಮ್ಯಾಲ ಆ ಹುಡುಗಿ ಒಬ್ಬಾಕೀನ ಉಳದ್ಲು. ಕರಕೊಂಡು ಬಂದು ಮನ್ಯಾಗ ಇಟ್ಕೊಂಡ್ವಿ. ನಮಗೂ ಮಕ್ಕಳಿರಲಿಲ್ಲ. ನರ್ಸಿಂಗ್ ಓದಿಸಿದವರು ನಿಮ್ಮ ಸತ್ಯಮೂರ್ತಿ ಸಾಹೇಬ್ರು. ಗಂಟು ಕಲಿಸಿದಾಂವ ನಾನು."

"ಈಗ ಎಲ್ಲಿ ಕೆಲಸ ಮಾಡ್ತಾಳೆ?"

ಗುರುಬಾಯಿ ಹೇಳಿದರು. ಅಣ್ಣುವನ್ನು ಸೇರಿಸಿದ್ದ ಅದೇ ಆಸ್ಪತ್ರೆ.

ಆಮೇಲೆ ಆಕೆ ದೇವರ ಫೋಟೋದ ಹಿಂದಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ಮೇಲೆ ಕನ್ನಡದಲ್ಲಿ ಬರೆದಿತ್ತು: 'ತಿರುಮಲೇಶ ಸಾರ್‌ಗೆ. ಗಂಟಿನ ವಿಷಯ ಕೇಳಿದರೆ ಮಾತ್ರ.'

ಆಗ ಅವನಿಗೆ ಹೊಳೆಯಿತು. ಆ ಗಂಟು ಕೈತಪ್ಪಿ ಬಿದ್ದದ್ದಲ್ಲ. ಇಡೀ ಮುಂಬಯಿಯಲ್ಲಿ ಒಬ್ಬ ವಕೀಲನಿಗೆ ಮಾತ್ರ ಓದಲು ಬರುವಂತೆ ಅವಳು ಬರೆದ ಅಕ್ಷರ ಅದು.

ಲಕೋಟೆಯಲ್ಲಿ ಎರಡು ಹಾಳೆ. ಒಂದರಲ್ಲಿ ನಾಲ್ಕೇ ಸಾಲು. 'ಬಾಟ್ಲಿ ಎರಡೂ ನನ್ನ ಕೈಯಲ್ಲಿದ್ದವು. ಚೀಟಿ ಅದಲು ಬದಲು ಮಾಡಿದೆ. ಅವರು ನನಗೆ ತಂದೆಯ ಸಮಾನ, ಬೇರೆ ದಾರಿ ಕಾಣಲಿಲ್ಲ. ಆದರೆ ಆ ಟೆಂಪೋದವನ ಹೆಂಡತಿಯ ಅಳು ಕೇಳಿದ ಮೇಲೆ ನಿದ್ದೆ ಬರ್ತಿಲ್ಲ.'

ಇನ್ನೊಂದು ಹಾಳೆ ಆಸ್ಪತ್ರೆಯ ಫಾರಮ್ಮಿನ ಕಾರ್ಬನ್ ಪ್ರತಿ. ಅದೇ ದಿನ ಬೆಳಿಗ್ಗೆ 6.50ಕ್ಕೆ ರಕ್ತ ತೆಗೆದ ಎರಡನೆಯ ಚಾಲಕನದು. ಬಿಳಿ ಫಿಯೆಟ್. ಹೆಸರಿನ ಜಾಗದಲ್ಲಿ ನೀಲಿ ಕಾರ್ಬನ್ನಿನ ಮಸುಕು ಅಕ್ಷರಗಳನ್ನು ತಿರುಮಲೇಶ ಮೂರು ಸಲ ಓದಿದ.

ಸತ್ಯಮೂರ್ತಿ. ವಯಸ್ಸು ಅರವತ್ತೆಂಟು. ವಕೀಲರು.

ಸಾಂತಾಕ್ರೂಜ್‌ನ ಆ ಹೌಸಿಂಗ್ ಸೊಸೈಟಿಯ ಗೇಟು ದಾಟುವಾಗ ಸಂಜೆ ಆರಾಗಿತ್ತು. ಕಾಂಪೌಂಡಿನ ಮೂಲೆಯಲ್ಲಿ ಫಿಯೆಟ್ ಮೇಲೆ ತಾಡಪಾಲು ಹೊದಿಸಿತ್ತು. ಈ ಮೆಟ್ಟಿಲುಗಳನ್ನು ಅವನು ಒಂದು ಕಾಲದಲ್ಲಿ ಎರಡೆರಡು ಹಾರಿ ಹತ್ತುತ್ತಿದ್ದ. ಶನಿವಾರ ಮಧ್ಯಾಹ್ನಗಳು ಇಲ್ಲೇ ಕಳೆಯುತ್ತಿದ್ದವು. ಕೌಸಲ್ಯಮ್ಮ ಬಿಸಿಬೇಳೆಹುಳಿಗೆ ತುಪ್ಪ ಸುರಿಯುವರು. ಸತ್ಯಮೂರ್ತಿಗಳು ಊಟದ ನಡುವೆ ಎಂಜಲು ಕೈಯಲ್ಲೇ ಕಾನೂನು ಪುಸ್ತಕದ ಪುಟ ತೋರಿಸಿ ಬೈಸಿಕೊಳ್ಳುವರು. ಹೆಂಡತಿ ಅಲಮೇಲುವನ್ನು ಅವನು ಮೊದಲು ನೋಡಿದ್ದೂ ಇದೇ ಹಾಲಿನಲ್ಲಿ. ಅವಳು ಕೌಸಲ್ಯಮ್ಮನವರ ದೂರದ ನೆಂಟಳು. ಮಾತುಕತೆ ಮುಗಿಸಿ ಎಲೆ ಅಡಿಕೆ ಕೊಟ್ಟವರು ಈ ದಂಪತಿಗಳೇ. ಕೌಸಲ್ಯಮ್ಮ ತೀರಿಕೊಂಡ ಈ ಎರಡು ವರ್ಷಗಳಲ್ಲಿ ತಾನು ಬಂದದ್ದು ಎಷ್ಟು ಸಲ? ಎರಡು? ಅಲಮೇಲುವಾದರೂ ಆಗಾಗ ಬಂದು ಒಂದೆರಡು ದಿನ ಉಳಿದು ಹೋಗುತ್ತಿದ್ದಳು. ನಾಚಿಕೆಯಾಯಿತು.

ಬಾಗಿಲು ತೆರೆದೇ ಇತ್ತು.

"ಬಾಪ್ಪ, ಬಾ," ಸತ್ಯಮೂರ್ತಿಗಳು ಬಾಲ್ಕನಿಯ ಕುರ್ಚಿಯಿಂದಲೇ ಕರೆದರು. ಕ್ಷೌರ ಮಾಡಿ ಎಷ್ಟು ದಿನವಾಗಿತ್ತೋ. "ನೀನು ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ. ಅಲಮೇಲು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಸಾರ್. ನಾನು ಬಂದಿದ್ದು..."

"ಇರಯ್ಯ. ಮೊದಲು ಇದೊಂದು ಮುಗಿಸು." ಟೀಪಾಯಿ ಮೇಲಿದ್ದ ಹಾಳೆಯನ್ನು ಮುಂದೆ ತಳ್ಳಿದರು. ವಕಾಲತ್ತು. ಕಕ್ಷಿದಾರನ ಜಾಗದಲ್ಲಿ ಅವರ ಸಹಿ ಆಗಲೇ ಇತ್ತು. "ಸೊಸೈಟಿಯವರ ಜೊತೆ ನೀರಿನ ತಕರಾರು. ನನಗೆ ಕೋರ್ಟಿಗೆ ಓಡಾಡೋಕೆ ಆಗಲ್ಲ. ನೀನೇ ನಿಂತ್ಕೋ. ಸಹಿ ಹಾಕಿಬಿಡು, ಆಮೇಲೆ ನಿನ್ನ ಮಾತು."

ಆಡಬೇಕಾದ ಮಾತನ್ನು ಒಂದು ನಿಮಿಷ ಮುಂದೂಡಲು ಸಿಕ್ಕ ನೆಪಕ್ಕೆ ತಿರುಮಲೇಶನಿಗೆ ಸಮಾಧಾನವೇ ಆಯಿತು. ಎಂಟು ವರ್ಷ ಇವರು ಎಲ್ಲಿ ಬೆರಳಿಟ್ಟರೆ ಅಲ್ಲಿ ಸಹಿ ಹಾಕಿದ ಕೈ ಅದು. ಹಾಕಿತು.

ಸತ್ಯಮೂರ್ತಿಗಳು ಶಾಯಿ ಆರುವವರೆಗೆ ಹಾಳೆಯನ್ನೇ ನೋಡಿದರು. ಆಮೇಲೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.

"ಈಗ ಕೇಳು. ಇಂದ್ರಾಬಾಯಿಗೆ ಗುದ್ದಿದ್ದು ನನ್ನ ಕಾರು."

ತಿರುಮಲೇಶ ಪೆನ್ನಿಗೆ ಮುಚ್ಚಳ ಹಾಕಿ ಟೀಪಾಯಿ ಮೇಲಿಟ್ಟ.

"ಕೌಸಲ್ಯ ಇದ್ದಾಗ ದಿನಾ ಬೆಳಿಗ್ಗೆ ಜುಹೂ ಸಮುದ್ರಕ್ಕೆ ಹೋಗ್ತಿದ್ವಿ, ವಾಪಸು ಬರ್ತಾ ರಮಾನಾಥನ ಹೋಟೆಲಿನ ಮುಂದೆ ಇದೇ ಫಿಯೆಟ್ ನಿಲ್ಲಿಸಿ ಕಾಫಿ. ಅವಳು ಹೋದ ಮೇಲೆ ನಿದ್ದೆ ಹೋಯ್ತು, ಕುಡಿಯೋದು ಬಂತು. ಆವತ್ತು ಕುಡಿದೇ ಹೊರಟೆ. ನಾನೊಬ್ಬನೇ. ಬೂತು ಕಾಣಿಸಲಿಲ್ಲ ಕಣಯ್ಯ. ಆಸ್ಪತ್ರೆಯಲ್ಲಿ ಇಬ್ಬರ ರಕ್ತಾನೂ ತೆಗೆದರು. ಡ್ಯೂಟಿಯಲ್ಲಿದ್ದವಳು ನೀಲಾವತಿ. ನಾನು ಕೇಳಲಿಲ್ಲ, ದೇವರಾಣೆ ಕೇಳಲಿಲ್ಲ. ನನ್ನ ವರದಿ ಸೊನ್ನೆ ಅಂತ ಬಂದು ಪೊಲೀಸರು ಕೈಬಿಟ್ಟಾಗಲೇ ಅವಳು ಏನು ಮಾಡಿದಾಳೆ ಅಂತ ನನಗೆ ಅರ್ಥವಾಗಿದ್ದು."

"ಅರ್ಥವಾಗಿ ನಾಲ್ಕು ತಿಂಗಳು ಸುಮ್ಮನಿದ್ದಿರಿ."

"ಇದ್ದೆ."

"ನಾಳೆ ಕೋರ್ಟಿನಲ್ಲಿ ಇದನ್ನ ಹೇಳಬೇಕು ಸಾರ್. ನೀವು ಹೇಳದಿದ್ದರೆ ನಾನು ಹೇಳ್ತೀನಿ."

"ಹೇಗೆ ಹೇಳ್ತೀಯ?" ಸತ್ಯಮೂರ್ತಿಗಳು ಜೇಬನ್ನು ಮೆಲ್ಲಗೆ ತಟ್ಟಿಕೊಂಡರು. "ಕಕ್ಷಿದಾರ ತನ್ನ ವಕೀಲನಿಗೆ ಹೇಳಿದ್ದು ಕೋರ್ಟಿಗೆ ಹೋಗೋ ಹಾಗಿಲ್ಲ. ಇದರಲ್ಲಿ ಕೇಸಿನ ನಂಬರು ಇನ್ನೂ ಬರೆದಿಲ್ಲ. ನೀನು ಸಹಿ ಹಾಕಿದ ಮೇಲೆ ನಾನು ಬಾಯಿ ಬಿಟ್ಟೆ. ಈಗ ನೀನು ನನ್ನ ವಕೀಲ. ಹಾಗಾಗಿ ನಾಳೆಯಿಂದ ಅಣ್ಣುವಿನ ಪರವೂ ನಿಲ್ಲೋ ಹಾಗಿಲ್ಲ."

ಹಾಲಿನ ಗೋಡೆಯ ಮೇಲೆ ಕೌಸಲ್ಯಮ್ಮನವರ ಫೋಟೋಗೆ ಹೊಸ ಮಲ್ಲಿಗೆ ಹಾರ ಹಾಕಿತ್ತು. ತಿರುಮಲೇಶ ಅದನ್ನೇ ನೋಡಿದ. ಎದುರಿಗಿದ್ದ ಮುಖವನ್ನು ನೋಡಲಾಗಲಿಲ್ಲ.

"ನನಗೆ ಹೀಗೆ ಮಾಡಿದಿರಾ ಸಾರ್? ನೀವು?"

"ನನಗೋಸ್ಕರ ಅಂದುಕೊಂಡೆಯಾ? ನನಗೆ ಇನ್ನೆಷ್ಟು ದಿನ? ಆ ಹುಡುಗಿಗೋಸ್ಕರ. ಅಪ್ಪನನ್ನ ಜೈಲಿಗೆ ಕಳಿಸಿದ್ದು ನಿನ್ನ ಸಹಿ. ಮಗಳನ್ನೂ ಕಳಿಸ್ತೀಯೇನಯ್ಯ?"

ಆ ಮಾತು ನಾಟಬೇಕಾದಲ್ಲೇ ನಾಟಿತು. ಪಕ್ಕದ ಮನೆಯ ಕುಕ್ಕರ್ ಕೂಗಿ ನಿಂತಿತು.

"ಅಣ್ಣುವಿಗೂ ಮಗಳಿದ್ದಾಳೆ ಸಾರ್," ಎಂದ ತಿರುಮಲೇಶ ಕೊನೆಗೆ. "ಅವಳೂ ನಾಳೆ ಯಾರದೋ ಗೇಟಿನ ಮುಂದೆ ನಿಂತು ಅದೇ ಪ್ರಶ್ನೆ ಕೇಳ್ತಾಳೆ. ಸನ್ನದು ಹೋದರೆ ಹೋಗಲಿ. ನಾನು ಬಾಯಿ ಮುಚ್ಚಿಕೊಂಡಿರೋಲ್ಲ." ಜೇಬಿನಿಂದ ಲಕೋಟೆ ತೆಗೆದು ತೋರಿಸಿದ. "ಇದು ನೀವು ಹೇಳಿದ್ದಲ್ಲ. ಇದು ಅವಳು ಬರೆದದ್ದು."

"ಅವಳು ಬಂದು ಹೇಳದಿದ್ದರೆ ಅದು ಬರೀ ಕಾಗದ," ಎಂದರು ಸತ್ಯಮೂರ್ತಿಗಳು. ಆದರೆ ಅವರ ಮುಖದ ಬಣ್ಣ ಇಳಿದಿತ್ತು.

ಫೋನು ಹೊಡೆದುಕೊಂಡಿತು.

ಸತ್ಯಮೂರ್ತಿಗಳು ಗೋಡೆ ಹಿಡಿದು ಎದ್ದು ಹೋಗಿ ಎತ್ತಿದರು. ಕೇಳುತ್ತಾ ಕೇಳುತ್ತಾ ಅವರ ಬೆನ್ನು ಬಾಗಿತು. "ಎಲ್ಲಿಂದ ಮಗು? ... ಅಯ್ಯೋ, ಯಾಕೆ ಹೋದೆ? ... ಬೇಡ, ಇನ್ನೇನೂ ಮಾತಾಡಬೇಡ, ನಾನೇ ಬರ್ತೀನಿ." ಆಚೆಯಿಂದ ಏನೋ ಉತ್ತರ. ಅವರು ಕಣ್ಣು ಮುಚ್ಚಿದರು. "ಇಲ್ಲೇ ಇದ್ದಾನೆ," ಎಂದು ರಿಸೀವರನ್ನು ತಿರುಮಲೇಶನತ್ತ ಚಾಚಿದರು. "ನಾನು ಬೇಡವಂತೆ. ನೀನು ಬೇಕಂತೆ."

"ಸಾರ್, ನಾನು ನೀಲಾವತಿ." ಹಿನ್ನೆಲೆಯಲ್ಲಿ ಗಂಡಸರ ಮರಾಠಿ ಮಾತು, ಟೈಪ್‌ರೈಟರಿನ ಸದ್ದು. "ಪೊಲೀಸ್ ಸ್ಟೇಷನ್‌ದಾಗಿಂದ ಮಾತಾಡಕತ್ತೀನಿ. ಬಾಟ್ಲಿ ಚೀಟಿ ಬದಲಿ ಮಾಡಿದ್ದು ನಾನೇ ಅಂತ ಬರಕೊಟ್ಟೀನಿ. ವಕೀಲರನ್ನ ಕರಸ್ಕೋ ಅಂದ್ರು. ನಿಮ್ಮ ಮನಿ ನಂಬರ್ ಗೊತ್ತಿರಲಿಲ್ಲ."

"ಅಲ್ಲೇ ಇರಮ್ಮ. ಈಗಲೇ ಬರ್ತೀನಿ. ಬೇರೆ ಯಾವ ಕಾಗದಕ್ಕೂ ಸಹಿ ಹಾಕಬೇಡ."

"ಸಾರ್, ಸುನಿಯೇ ನಾ, ಟೈಮ್ ಇಲ್ಲ. ಒಂದು ಮಾತು ಇವರಿಗೆ ಹೇಳಿಲ್ಲ. ನಿಮಗೇ ಹೇಳಬೇಕಂತ ಇಟ್ಟೀನಿ." ಅವಳು ದನಿ ತಗ್ಗಿಸಿದಳು. "ಆವತ್ತು ಸಾಹೇಬ್ರು ಕಾರು ಓಡಿಸಿರಲಿಲ್ಲ. ಅವರು ಬಾಜೂ ಸೀಟಿನ್ಯಾಗ ಕುಂತಿದ್ರು. ಓಡಿಸಿದವರು ಬ್ಯಾರೆ. ಆಸ್ಪತ್ರಿಗೂ ಬಂದಿದ್ರು, ಹೊರಗ ಬೆಂಚಿನ ಮ್ಯಾಲ ಸೆರಗಿನಾಗ ಮಾರಿ ಮುಚ್ಚಿಕೊಂಡು ಕುಂತು ಅಳತಿದ್ರು. ನಾನೇ ನೀರು ಕೊಟ್ಟೆ. ನಿಮಗ ಅವರು ಛಲೋ ಗೊತ್ತು ಸಾರ್. ಅವರ ಹೆಸರು..."

ಟಕ್ ಎಂದು ಸದ್ದಾಗಿ ಫೋನು ಸತ್ತಿತು.

ತಿರುಮಲೇಶ ತಿರುಗಿದ. ಸತ್ಯಮೂರ್ತಿಗಳ ಬೆರಳು ಫೋನಿನ ಗುಂಡಿಯನ್ನು ಒತ್ತಿ ಹಿಡಿದಿತ್ತು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಆ ಹೆಸರು ನೀನು ಕೇಳಬಾರದು ಕಣಯ್ಯ," ಎಂದರು. "ಬೇರೆ ಯಾರು ಬೇಕಾದರೂ ಕೇಳಲಿ. ನೀನು ಮಾತ್ರ ಬೇಡ."